ಕಣ್ಣಲ್ಲೇ ಮುಟ್ಟುವ ಪಾಠ

ಊಟದ ಹೊತ್ತು ಮೀರಿದೆ. ಬೆಂಗಳೂರಿನ ಆಸ್ಪತ್ರೆಯೊಂದರ ತರಬೇತಿ ಕೋಣೆಯಲ್ಲಿ ಏಸಿಯ ಗುಂಯ್‌ಗುಡುವಿಕೆ, ಸ್ಪಿರಿಟ್ಟಿನ ಘಾಟಿನ ಜೊತೆಗೆ ಹಸಿ ಮಾಂಸದ ವಾಸನೆ. ಟ್ರೇಯಲ್ಲಿ ಬೆಳಿಗ್ಗೆ ಅಂಗಡಿಯಿಂದ ತಂದ ಕೋಳಿಯ ತೊಡೆ, ಅದರ ಚರ್ಮದ ಮೇಲೆ ಉದ್ದಕ್ಕೊಂದು ಸೀಳು. ಮಳೆಗೆ ಮುದುರಿಕೊಂಡ ಕೊಕ್ಕರೆಯ ಹಾಗೆ ಪ್ಲಾಸ್ಟಿಕ್ ಹೊದ್ದ ನಾಲ್ಕು ತೋಳಿನ ಯಂತ್ರ ಅದರ ಮೇಲೆ ಬಗ್ಗಿ ನಿಂತಿದೆ.

ಇತ್ತ ಇನ್ನೊಂದು ಮೂಲೆಯಲ್ಲಿ, ಆ ಕೋಳಿಗೂ ತನಗೂ ಸಂಬಂಧವೇ ಇಲ್ಲವೇನೋ ಎಂಬಂತೆ, ಆ ಯಂತ್ರವನ್ನು ನಡೆಸುವ ಕನ್ಸೋಲಿನೊಳಗೆ ಮುಖ ಹುದುಗಿಸಿ ಕೂತಿದ್ದಾನೆ ಹುಡುಗ. ಹುಡುಗ ಎಂದರೆ, ಎಂ.ಎಸ್. ಮುಗಿಸಿ ಜಿಲ್ಲಾಸ್ಪತ್ರೆಯಲ್ಲಿ ಹಗಲು ರಾತ್ರಿ ಅಪೆಂಡಿಕ್ಸು, ಹರ್ನಿಯಾ ಎಂದು ಕೈ ಪಳಗಿಸಿಕೊಂಡು ಬಂದ ಡಾಕ್ಟರು. ಪರದೆಯ ಮೇಲಿನ ಬಣ್ಣದ ಬಳೆಗಳನ್ನು ಕಂಬಿಯುದ್ದಕ್ಕೂ ದಾಟಿಸುವ ಸಿಮ್ಯುಲೇಟರಿನ ಆಟ ಮುಗಿಸಿದ್ದಾಗಿದೆ. ರೋಗಿಯ ಪಕ್ಕ ನಿಂತು ಸಲಕರಣೆ ಬದಲಿಸಿಕೊಡುವ ಕೆಲಸವೂ ಆಗಿದೆ. ಚಪ್ಪಲಿ ಬದಿಗಿಟ್ಟು, ಕತ್ತಲಲ್ಲಿ ಮೆಟ್ಟಿಲು ತಡಕುವವನಂತೆ ಸಾಕ್ಸಿನ ಪಾದದಲ್ಲೇ ಪೆಡಲು ಹುಡುಕುತ್ತಾನೆ: ಹಳದಿಯದು ಕತ್ತರಿಸಲು, ನೀಲಿಯದು ಸುಟ್ಟು ರಕ್ತ ನಿಲ್ಲಿಸಲು. ಅದಲುಬದಲಾದರೆ ಕಷ್ಟ.

ನಾನು ಪಕ್ಕದ ಪರದೆ ನೋಡುತ್ತಿದ್ದೇನೆ. 8 ಮಿಲಿಮೀಟರ್ ದಪ್ಪದ ಸಲಕರಣೆಯ ತುದಿ ಹಿಗ್ಗಿದ ಚಿತ್ರದಲ್ಲಿ ಅಡುಗೆಮನೆಯ ಇಕ್ಕಳದಷ್ಟಾಗಿದೆ. ಬಾಗಿದ ಸೂಜಿಯನ್ನು ಕಚ್ಚಿಕೊಂಡು, ನಮ್ಮ ನಿಮ್ಮ ಮಣಿಕಟ್ಟು ತಿರುಗಲಾರದ ಕಡೆಗೆಲ್ಲ ತಿರುಗಿ, ಚರ್ಮದ ಅಂಚಿಗೆ ಮೆಲ್ಲಗೆ ಇಳಿಸುತ್ತದೆ. ಕೈ ನಡುಗಿದರೂ ಇಲ್ಲಿ ಕಾಣುವುದಿಲ್ಲ, ನಡುಕವನ್ನು ಯಂತ್ರ ಸೋಸಿಬಿಡುತ್ತದೆ. ದಾರ ಎರಡು ಸುತ್ತು ಬಂತು. ಇನ್ನು ಗಂಟು ಬಿಗಿಯಬೇಕು. ಎಳೆದ. ಸದ್ದೇ ಇಲ್ಲದೆ ದಾರ ತುಂಡಾಯಿತು.

"ಮೇಡಂ, ಮತ್ತೆ ಹೋಯ್ತು."

"ಎಷ್ಟನೇದು?"

"ನಾಲ್ಕನೇದು."

ಬಯ್ಯುವುದಾದರೆ ಅವನ ಬೆರಳುಗಳನ್ನೇ ಬಯ್ಯಬೇಕು. ದಾರದ ಬಿಗಿ ಎಷ್ಟೆಂದು ಅವು ತಾವೇ ಅಳೆದು ಹೇಳುತ್ತಿದ್ದವು. ಇಲ್ಲಿ ಅವಕ್ಕೆ ಏನೂ ತಿಳಿಯದು. 2000ನೇ ಇಸವಿಯಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿದ ಡಾ ವಿಂಚಿ ರೋಬೋಟು ವೈದ್ಯರಿಗೆ ಆಳ ಕಾಣುವ ಕಣ್ಣು ಕೊಟ್ಟಿತು, ಪುಟ್ಟ ಮಣಿಕಟ್ಟು ಕೊಟ್ಟಿತು, ಸ್ಪರ್ಶವನ್ನು ಮಾತ್ರ ಕಸಿದುಕೊಂಡಿತು. ಎಳೆತದ ಬಲವನ್ನು ಕೈಗೆ ತಿಳಿಸುವ ಐದನೇ ಪೀಳಿಗೆಯ ಯಂತ್ರಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ. ಈ ಕೋಣೆಯಲ್ಲಿರುವುದು ಅದಕ್ಕಿಂತ ಹಳೆಯದು.

ಅವನಿಗೆ ಕಲಿಸುವ ಮೇಡಂ ಎರಡನೇ ಕನ್ಸೋಲಿನಲ್ಲಿ ಕೂತರು. ಗುಂಡಿ ಒತ್ತಿದ್ದೇ ತಡ, ಹುಡುಗನ ಹಿಡಿತದಲ್ಲಿದ್ದ ಇಕ್ಕಳಗಳು ಅವರ ಪಾಲಾದವು. ಸ್ಲೇಟಿನ ಮೇಲೆ ಮಗುವಿನ ಕೈ ಹಿಡಿದು 'ಅ' ತಿದ್ದಿಸುತ್ತಿದ್ದರಲ್ಲ, ಇಲ್ಲಿ ಆ ಕೈಯನ್ನೂ ಹಿಡಿಯುವಂತಿಲ್ಲ. ತೋರಿಸಿ ಬಿಟ್ಟುಕೊಡಬೇಕು, ಅಷ್ಟೇ.

"ಕೈನ ಕೇಳ್ಬೇಡಪ್ಪ, ದಾರ ನೋಡು. ಚರ್ಮದಲ್ಲಿ ಸಣ್ಣಗೆ ಗುಳಿ ಬೀಳ್ತಾ ಇದೆ, ಕಾಣ್ತಾ? ಅಲ್ಲಿಗೆ ನಿಲ್ಲಿಸು."

ಮತ್ತೆ ಗುಂಡಿ. ಈಗ ಹುಡುಗನ ಸರದಿ. ಇಕ್ಕಳಗಳು ಒಂದರಿಂದೊಂದು ದೂರ ಸರಿಯುತ್ತವೆ, ದಾರ ನೆಟ್ಟಗಾಗುತ್ತದೆ, ಸೀಳಿನ ಎರಡೂ ಅಂಚು ಹತ್ತಿರ ಬಂದು ಕೂಡುತ್ತವೆ, ಗುಳಿ ಬೀಳುತ್ತದೆ. ನಿಲ್ಲಿಸಿದ. ಗಂಟು ನಿಂತಿತು.

ಅವನು ಕನ್ಸೋಲಿನಿಂದ ಮುಖ ತೆಗೆದು, ಬರಿ ಸಾಕ್ಸಿನಲ್ಲೇ ಟ್ರೇಯ ಬಳಿಗೆ ಹೋಗಿ, ಆ ಹೊಲಿಗೆಯ ಮೇಲೆ ತೋರುಬೆರಳಿಟ್ಟು ಒತ್ತಿ ನೋಡಿದ.

"ಗ್ಲೌಸ್ ಹಾಕ್ಕೊಂಡು ಮುಟ್ಟಪ್ಪ," ಎಂದರು ಮೇಡಂ, ತಲೆ ಎತ್ತದೆ.