ಕಾರ್ಡಿನಲ್ಲಿ 74, ಕಬ್ಬಿಣದಲ್ಲಿ 78

‘ನೀನು ಇಂಜಿನಿಯರ್ ಅಲ್ವಾ ಮಾರಾಯ, ನನಗೊಂದು ಕೆಲಸ ಮಾಡಿಕೊಡು.’

ಮಸ್ಕತ್‌ನಿಂದ ಮಾವ ಫೋನ್ ಮಾಡಿದಾಗ ನಾನು ಹಾಸ್ಟೆಲ್‌ನಲ್ಲಿ ಇಂಟರ್ನಲ್ಸ್‌ಗೆ ಓದುತ್ತಿದ್ದೆ. ನಾನಿನ್ನೂ ಆರನೇ ಸೆಮಿಸ್ಟರ್. ಒಂದು ಬ್ಯಾಕ್‌ಲಾಗ್ ಬೇರೆ ಬಾಕಿ ಇದೆ. ಆದರೆ ಮೆಕ್ಯಾನಿಕಲ್‌ಗೆ ಸೇರಿದ ದಿನದಿಂದಲೇ ಮನೆಯವರ ಪಾಲಿಗೆ ನಾನು ಇಂಜಿನಿಯರ್. ಮಿಕ್ಸಿ ಕೆಟ್ಟರೂ ನನಗೇ ಫೋನ್, ಪಂಪ್‌ಸೆಟ್ ಕೆಟ್ಟರೂ ನನಗೇ ಫೋನ್. ಈ ಸಲದ ಕೆಲಸ ಮಾತ್ರ ದೊಡ್ಡದು. ಮಾವನ ಜೀಪನ್ನು ಕುಂದಾಪುರಕ್ಕೆ ತರಬೇಕಂತೆ.

ಮನೆಯಲ್ಲಿ ಎಲ್ಲರೂ ಅದನ್ನು ಜೀಪು ಎನ್ನುತ್ತಾರೆ. ನಿಜವಾಗಿ ಅದು ಟೊಯೊಟಾ ಲ್ಯಾಂಡ್ ಕ್ರೂಸರ್ ಎಫ್‌ಜೆ40. 1960ರಿಂದ 1984ರವರೆಗೆ ತಯಾರಾದ, ದುಂಡು ಹೆಡ್‌ಲೈಟಿನ, ಪೆಟ್ಟಿಗೆಯಂಥ ಗಾಡಿ. ಗ್ಯಾರೇಜ್ ಮೆಕ್ಯಾನಿಕ್ ಆಗಿ ಒಮಾನ್‌ಗೆ ಹೋದ ಮಾವ ಅದನ್ನು ಒಂದು ಖರ್ಜೂರದ ತೋಟದ ಶೆಡ್ಡಿನಲ್ಲಿ ಕಂಡಾಗ ಸೀಟಿನಲ್ಲಿ ಹಕ್ಕಿ ಗೂಡು ಕಟ್ಟಿತ್ತಂತೆ. ಗುಜರಿ ಬೆಲೆಗೆ ಕೊಂಡು, ಎರಡು ವರ್ಷ ಪ್ರತಿ ಶುಕ್ರವಾರದ ರಜೆಯಲ್ಲಿ ಕೂತು ರಿಪೇರಿ ಮಾಡಿದರು. ಅಜ್ಜಿಮನೆಯ ಗೋಡೆಯಲ್ಲಿ ದೇವರ ಪಟದ ಪಕ್ಕದಲ್ಲೇ ಅದರ ಫೋಟೊ ಇದೆ. ಈಗ ಮಾವ ಕೆಲಸ ಬಿಟ್ಟು ಊರಿಗೆ ಬರುತ್ತಿದ್ದಾರೆ. ‘ಟಿ.ವಿ, ಫ್ರಿಜ್ ಎಲ್ಲ ಅಲ್ಲೇ ಕೊಟ್ಟು ಬರ್ತೇನೆ. ಇದೊಂದು ಬರಬೇಕು’ ಎಂದರು.

ನಾನು ನಿಯಮ ಹುಡುಕತೊಡಗಿದೆ. ವಿದೇಶದಿಂದ ಬಳಸಿದ ಕಾರು ತರುವುದಾದರೆ ಸಾಮಾನ್ಯವಾಗಿ ಅದು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಮಾವನದ್ದು ಎರಡರಲ್ಲೂ ಫೇಲ್. ಉಳಿದದ್ದು ವಿಂಟೇಜ್ ದಾರಿ. ಮೊದಲು 1950ಕ್ಕಿಂತ ಹಿಂದೆ ತಯಾರಾದ ಗಾಡಿಗಳಿಗೆ ಮಾತ್ರ ಆ ಅವಕಾಶವಿತ್ತು. 2025ರಲ್ಲಿ ಅದನ್ನು ಸಡಿಲಿಸಿ, 50 ವರ್ಷ ತುಂಬಿದ ಗಾಡಿಗಳಿಗೂ ಬಾಗಿಲು ತೆರೆದರು. ಮಾವನ ಮುಲ್ಕಿಯಾ, ಅಂದರೆ ಅಲ್ಲಿನ ಆರ್‌ಸಿ ಕಾರ್ಡಿನಲ್ಲಿ ಮಾದರಿ 1974 ಎಂದಿತ್ತು. ನಾನು ಕುಣಿದಾಡಿಬಿಟ್ಟೆ.

ಆಮೇಲೆ ಖರ್ಚಿನ ಲೆಕ್ಕ. ಗಾಡಿಯ ಬೆಲೆಗಿಂತ ಕಸ್ಟಮ್ಸ್ ಸುಂಕವೇ ಹೆಚ್ಚು. 2021ರ ನಿಯಮದಂತೆ ವಿಂಟೇಜ್ ನೋಂದಣಿ ಶುಲ್ಕ 20,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ ಬರುತ್ತದೆ, 10 ವರ್ಷದ ಅವಧಿ. ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ತುಂಬಿಸಲು, ರಿಪೇರಿಗೆ, ಅಷ್ಟೇ.

‘ಹಾಗಾದರೆ ಮೀನು ಮಾರ್ಕೆಟಿಗೆ?’

‘ಇಲ್ಲ ಮಾವ.’

‘ಅಡ್ಡಿಲ್ಲ, ಅಂಗಳದಲ್ಲಿ ನಿಲ್ಲಲಿ’ ಎಂದರು.

ತೊಡಕು ಬಂದದ್ದು ಇದೇ ನಿಯಮದ ಇನ್ನೊಂದು ಸಾಲಿನಿಂದ. ಮೊದಲ ನೋಂದಣಿಯಿಂದ 50 ವರ್ಷ ಕಳೆದಿರಬೇಕು, ಜೊತೆಗೆ ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರದೆ ಮೂಲ ರೂಪದಲ್ಲೇ ಇರಬೇಕು. ಹಾಗಾಗಿ ಎಂಜಿನ್ ನಂಬರಿನ ಫೋಟೊ ಕಳಿಸಲು ಹೇಳಿದೆ. ಬಂದ ಫೋಟೊದಲ್ಲಿ ನಂಬರ್ ‘2ಎಫ್’ ಎಂದು ಶುರುವಾಗಿತ್ತು. ಅದು 4.2 ಲೀಟರಿನ ಎಂಜಿನ್, ಈ ಗಾಡಿಗಳಿಗೆ ಬಂದದ್ದು 1975ರಿಂದ. 1974ರ ಗಾಡಿಯಲ್ಲಿ ಅದಕ್ಕಿಂತ ಹಿಂದಿನ 3.9 ಲೀಟರಿನ ‘ಎಫ್’ ಎಂಜಿನ್ ಇರಬೇಕಿತ್ತು. ಅಂದರೆ ಎರಡರಲ್ಲಿ ಒಂದು ನಿಜ. ಯಾರೋ ಎಂಜಿನ್ ಬದಲಿಸಿದ್ದಾರೆ, ಇಲ್ಲವೇ ಗಾಡಿ 74ರದ್ದಲ್ಲ. ಎರಡರಲ್ಲಿ ಯಾವುದಾದರೂ ನಮಗೆ ಕಷ್ಟವೇ.

ಮಾವನಿಗೆ ಹೇಳದೆ ಎರಡು ದಿನ ಇಟ್ಟುಕೊಂಡೆ. ಆಮೇಲೆ, ‘ಮುಂದೆ ಬಲಗಡೆ ಚಾಸಿಯ ಮೇಲೆ ಒಂದು ನಂಬರ್ ಕೊರೆದಿರುತ್ತದೆ, ಪೇಂಟ್ ಕೆರೆದು ಫೋಟೊ ಕಳಿಸಿ’ ಎಂದೆ. ಹಳೆ ಗಾಡಿಯ ಆಸಕ್ತರು ಮಾಡಿಟ್ಟ ಪಟ್ಟಿಯೊಂದಿಗೆ ತಾಳೆ ನೋಡಿದರೆ 1978. ಗಾಡಿ ಮಾರಿದವರ ಮಗನ ಬಳಿ ಹಳೆಯ ನೋಂದಣಿ ಕಾಗದವೂ ಸಿಕ್ಕಿತು. ಅದರಲ್ಲೂ 1978ರ ಅಕ್ಟೋಬರ್. ಕಾಗದದಿಂದ ಕಾರ್ಡಿಗೆ ಬರೆಯುವಾಗ ಯಾರೋ ಎಂಟನ್ನು ನಾಲ್ಕು ಮಾಡಿದ್ದರು.

ಮಾವ ಗೊತ್ತು ಮಾಡಿದ್ದ ಏಜೆಂಟ್ ನಕ್ಕರು. ‘ಕಾರ್ಡಿನಲ್ಲಿ 74 ಇದೆಯಲ್ಲ? ಚಾಸಿ ಯಾರು ಕೆರೆದು ನೋಡ್ತಾರೆ? ಆ ಹಳೆ ಕಾಗದ ತೋರಿಸಬೇಡಿ, ಅಷ್ಟೇ.’ ಅಡ್ವಾನ್ಸ್ ಒಂದೂವರೆ ಲಕ್ಷ ಕೇಳಿದರು.

ನಿಜ ಹೇಳುತ್ತೇನೆ, ನನಗೂ ಆಸೆಯಾಯಿತು. ನಾವು ಏನನ್ನೂ ತಿದ್ದಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಆದರೆ ಅಷ್ಟರಲ್ಲಿ ಅಮೆರಿಕದ ಒಂದು ಪ್ರಕರಣ ಓದಿದ್ದೆ. ಅಲ್ಲಿ 25 ವರ್ಷ ತುಂಬಿದ ವಿದೇಶಿ ಗಾಡಿಗೆ ಅವರ ಸುರಕ್ಷತಾ ಮಾನದಂಡದಿಂದ ವಿನಾಯಿತಿ ಇದೆ. 2014ರಲ್ಲಿ ಅಧಿಕಾರಿಗಳು, ಅಷ್ಟು ವಯಸ್ಸಾಗಿಲ್ಲ, ಗುರುತಿನ ಸಂಖ್ಯೆ ಬದಲಾಗಿದೆ ಎಂಬ ಅನುಮಾನದ ಮೇಲೆ 40 ಲ್ಯಾಂಡ್ ರೋವರ್ ಡಿಫೆಂಡರ್‌ಗಳನ್ನು ವಶಕ್ಕೆ ತೆಗೆದುಕೊಂಡರು. ಗಾಡಿಗಳು ಹೋದದ್ದು ಕೊಂಡವರ ಮನೆಬಾಗಿಲಿನಿಂದ. ಅದರಲ್ಲಿ ಕೆಲವು ಹೋರಾಟದ ನಂತರ ಮಾಲೀಕರಿಗೆ ಮರಳಿದವು. ನಮ್ಮಲ್ಲೂ ಕಸ್ಟಮ್ಸ್‌ಗೆ ತಪ್ಪು ಮಾಹಿತಿ ಕೊಟ್ಟರೆ ಮಾಲು ಮುಟ್ಟುಗೋಲಾಗಬಹುದು. ಆಗ ಸಿಕ್ಕಿಬೀಳುವುದು ಏಜೆಂಟ್ ಅಲ್ಲ, ಮಾವ. ಹೋಗುವುದು ಇಪ್ಪತ್ತು ಚಿಲ್ಲರೆ ವರ್ಷ ಬೆವರು ಸುರಿಸಿ ಉಳಿಸಿದ ಹಣ.

ಎಲ್ಲವನ್ನೂ ಹೇಳಿದೆ. ಆ ಕಡೆ ಮಾವ ಮಾತಾಡಲಿಲ್ಲ. ‘ಸರಿ, ಇಡ್ತೇನೆ’ ಎಂದು ಫೋನ್ ಇಟ್ಟರು. ನಾಲ್ಕು ದಿನ ಕರೆ ಇಲ್ಲ. ‘ಅವನಿಗೆ ಅದನ್ನು ಹೇಳಲೇಬೇಕಿತ್ತಾ?’ ಎಂದು ಅಮ್ಮನೂ ಬೈದಳು. ನನಗೂ ಹಾಗೇ ಅನ್ನಿಸತೊಡಗಿತ್ತು.

ಐದನೇ ದಿನ ಮಾವನೇ ಫೋನ್ ಮಾಡಿದರು. ‘ಇಪ್ಪತ್ತು ವರ್ಷ ಅದರ ಕೆಳಗೆ ಮಲಗಿದ್ದೇನೆ ಮಗಾ, ಎಂಜಿನ್ ಬಿಚ್ಚಿ ಕಟ್ಟಿದ್ದೇನೆ. 74ರದ್ದಲ್ಲ ಅಂತ ಗೊತ್ತಿತ್ತು. ಬಾಯಿಬಿಟ್ಟು ಹೇಳ್ಲಿಕ್ಕೆ ಧೈರ್ಯ ಇರ್ಲಿಲ್ಲ’ ಎಂದರು.

ಗಾಡಿ ಈಗ ಅದೇ ಖರ್ಜೂರದ ತೋಟದ ಶೆಡ್ಡಿಗೆ ಮರಳಿದೆ. ಹಳೆ ಮಾಲೀಕರ ಮಗ ತನ್ನ ಹೆಸರಿಗೆ ಬರೆಸಿಕೊಂಡು ನೋಡಿಕೊಳ್ಳುತ್ತೇನೆ ಎಂದಿದ್ದಾರೆ. 15 ದಿನಕ್ಕೊಮ್ಮೆ ಸ್ಟಾರ್ಟ್ ಮಾಡುವುದು, ಬ್ಯಾಟರಿ ತಂತಿ ಕಳಚುವುದು, ಟೈರ್ ನೆಲಕ್ಕೆ ಒತ್ತದಂತೆ ಜಾಕ್ ಕೊಡುವುದು, ಎಲ್ಲವನ್ನೂ ಮಾವ ಚೀಟಿಯಲ್ಲಿ ಬರೆದು ಶೆಡ್ಡಿನ ಗೋಡೆಗೆ ಅಂಟಿಸಿ ಬರುತ್ತಾರಂತೆ. 2028ರ ಅಕ್ಟೋಬರ್‌ಗೆ ಅದಕ್ಕೆ 50 ತುಂಬುತ್ತದೆ. ಅಷ್ಟರಲ್ಲಿ ನಿಯಮ ಹೇಗಿರುತ್ತದೋ, ಮಾವನ ಕೈಯಲ್ಲಿ ಹಣ ಎಷ್ಟಿರುತ್ತದೋ, ಗಾಡಿ ಬರುತ್ತದೋ ಇಲ್ಲವೋ.

ನಿಮ್ಮ ಮನೆಯಲ್ಲೂ ಇಂಥ ಆಸೆ ಇಟ್ಟುಕೊಂಡ ಗಲ್ಫ್ ಮಾವ ಇದ್ದರೆ ಒಂದು ಮಾತು. ಏಜೆಂಟ್‌ಗೆ ಅಡ್ವಾನ್ಸ್ ಕೊಡುವ ಮೊದಲು ಎಂಜಿನ್ ನಂಬರ್, ಚಾಸಿ ನಂಬರ್, ಮೊದಲ ನೋಂದಣಿಯ ಕಾಗದ, ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ.

ಮೊನ್ನೆ ಮಾವ ಕೇಳಿದರು, ‘2028ಕ್ಕೆ ನಿನ್ನ ಬಿಇ ಮುಗಿದಿರ್ತದಲ್ಲ?’

ಹೌದು ಎಂದೆ.

‘ಹಾಗಾದರೆ ಆ ಬ್ಯಾಕ್‌ಲಾಗ್ ಮೊದಲು ಪಾಸ್ ಮಾಡು. ಕಾರ್ಬ್ಯುರೇಟರ್ ಟ್ಯೂನ್ ಮಾಡೋದು ನಾನು ಕಲಿಸ್ತೇನೆ.’