ನಿಮಗಿದು ಗೊತ್ತೆ? ಆಟಮ್ ಹಾರಿದ ವರ್ಷ
ಜಪಾನಿನ ಟಿವಿಯಲ್ಲಿ ಅನಿಮೆ ಧಾರಾವಾಹಿ ಬೇರೂರಿದ್ದು 1963ರಲ್ಲಿ. ಜನವರಿ 1ರಂದು ಫೂಜಿ ಟಿವಿಯಲ್ಲಿ ಒಸಾಮು ತೆಜುಕಾ ಅವರ ‘ತೆತ್ಸುವಾನ್ ಆಟಮ್’ ಶುರುವಾಯಿತು. ಹೊರಗಿನವರಿಗೆ ಅದು ‘ಆಸ್ಟ್ರೋ ಬಾಯ್’. ವಾರಕ್ಕೊಂದು ಅರ್ಧ ಗಂಟೆಯ ಕಂತು, ಹಣವೂ ಕಡಿಮೆ, ಸಮಯವೂ ಕಡಿಮೆ. ಸೆಕೆಂಡಿಗೆ 24 ಫ್ರೇಮ್ ಓಡುವ ಫಿಲ್ಮಿನಲ್ಲಿ ಒಂದೇ ಚಿತ್ರವನ್ನು ಮೂರು ಫ್ರೇಮಿಗೆ ಹಿಡಿದರು. ಮಾತಾಡುವಾಗ ಮುಖ ಅಲುಗದು, ಬಾಯಿ ಮಾತ್ರ ಆಡುತ್ತದೆ. ಒಮ್ಮೆ ಬರೆದ ಚಿತ್ರಗಳನ್ನು ಜೋಪಾನವಾಗಿ ಎತ್ತಿಟ್ಟು ಮುಂದಿನ ಕಂತುಗಳಿಗೂ ಬಳಸಿದರು. ಕೈ ಬಿಗಿಹಿಡಿದು ಮಾಡಿದ ಈ ಉಪಾಯಗಳೇ ಮುಂದೆ ಅನಿಮೆಯ ಸೊಗಸಾದವು, ಅದೇ ನಿಜವಾದ ಬೆರಗು! ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆಟಮ್ ಅಮೆರಿಕದ ಟಿವಿಗೂ ಹಾರಿದ. ಅಕ್ಟೋಬರಿನಲ್ಲಿ ದೈತ್ಯ ರೋಬಾಟಿನ ‘ತೆತ್ಸುಜಿನ್ 28’, ನವೆಂಬರಿನಲ್ಲಿ ‘ಎಯ್ಟ್‌ಮ್ಯಾನ್’ ಅವನ ಬೆನ್ನಿಗೇ ಬಂದವು.