ಮಳೆಗಾಲದ ವೈಪರ್: ಸ್ವಹಸ್ತವೋ, ಸರ್ವಿಸ್ ಬಿಲ್ಲೋ?

ಮುಂಬಯಿ ನಗರಕ್ಕೆ ಮುಂಗಾರು ಮಳೆ ಕಾಲಿಡುವುದು ಸಾಧಾರಣವಾಗಿ ಜೂನ್ ತಿಂಗಳ ಎರಡನೆಯ ವಾರದಲ್ಲಿ. ಅದಕ್ಕೆ ಮುನ್ನ ಇಲ್ಲಿನ ಗೃಹಸ್ಥರು ಕೊಡೆಗಳನ್ನು ದುರಸ್ತಿ ಮಾಡಿಸುತ್ತಾರೆ. ಕಟ್ಟಡದ ತಾರಸಿಗೆ ಡಾಂಬರು ಬಳಿಸುತ್ತಾರೆ. ಮಕ್ಕಳಿಗೆ ರೇನ್‌ಕೋಟು ಕೊಳ್ಳುತ್ತಾರೆ. ಕಾರಿನ ಮುಂಭಾಗದ ಗಾಜನ್ನು ಒರೆಸುವ ವೈಪರಿನ ನೆನಪು ಮಾತ್ರ ಬರುವುದು ಮೊದಲ ಮಳೆಯ ದಿನ, ಅದೂ ಸಿಗ್ನಲ್ಲಿನ ಬಳಿ, ಹಿಂದಿನವರು ಹಾರ್ನು ಬಾರಿಸುತ್ತಿರುವಾಗ.

ಮುಲುಂಡದಲ್ಲಿ ಬಹುಕಾಲದಿಂದ ನೆಲೆಸಿರುವ, ಮೂಲತಃ ಕುಂದಾಪುರದ ಕಡೆಯವರಾದ ಒಬ್ಬ ಗೃಹಸ್ಥರಿಗೆ ಈ ನೆನಪು ಇನ್ನೂ ತಡವಾಗಿ ಬಂದಿತು. ಅವರು ಕಾರನ್ನು ವಾರ್ಷಿಕ ಸರ್ವಿಸಿಗೆ ಬಿಡುವುದು ಫೆಬ್ರುವರಿಯಲ್ಲಿ. ಆ ವರ್ಷ ಅಧಿಕೃತ ಸೇವಾಕೇಂದ್ರದವರು ಕೊಟ್ಟ ಎಸ್ಟಿಮೇಟಿನಲ್ಲಿ ವೈಪರ್ ಬ್ಲೇಡು ಒಂದು ಜೊತೆ ಎಂದೂ, ಅದನ್ನು ಕೂಡಿಸುವ ಕೂಲಿ ಬೇರೆ ಎಂದೂ ಬರೆದಿತ್ತು. ಎರಡು ರಬ್ಬರು ಪಟ್ಟಿಗಳಿಗೆ ಇಷ್ಟೊಂದು ಹಣವೇ ಎಂದು ಅವರು ಆ ಸಾಲನ್ನು ಹೊಡೆದುಹಾಕಿಸಿದರು. ಫೆಬ್ರುವರಿಯ ಆಕಾಶದಲ್ಲಿ ಒಂದು ತುಂಡು ಮೋಡವೂ ಇಲ್ಲದಿದ್ದುದರಿಂದ ಆ ನಿರ್ಧಾರ ವಿವೇಕದ್ದೆಂದೇ ತೋರಿತು. ಮಳೆಗಾಲಕ್ಕೆ ಮೊದಲು ಹೊರಗೆ ಎಲ್ಲಿಯಾದರೂ ಹಾಕಿಸಿಕೊಂಡರಾಯಿತು ಎಂದುಕೊಂಡದ್ದು ಜೂನಿನಲ್ಲಿಯೂ ಆಗಲಿಲ್ಲ, ಜುಲೈಯಲ್ಲಿಯೂ ಆಗಲಿಲ್ಲ. ಅವರು ಕಛೇರಿಗೆ ಹೋಗುವುದು ಲೋಕಲ್ ರೈಲಿನಲ್ಲಿ. ಕಾರು ಕಟ್ಟಡದ ಅಂಗಳದಲ್ಲಿ ನಿಂತಿರುವುದೇ ಹೆಚ್ಚು.

ಚೌತಿಗೆಂದು ಊರಿಗೆ ಹೊರಟಾಗ ಕಾರಿನಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ತಾಯಿ. ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಗಳನ್ನು ಕಳೆದು, ಕಲಘಟಗಿಯಿಂದಾಚೆಯ ಕಾಡಿನ ದಾರಿಗೆ ಬರುವಷ್ಟರಲ್ಲಿ ಕತ್ತಲಾಯಿತು, ಮಳೆ ಹಿಡಿಯಿತು. ವೈಪರ್ ಆಡಿದಂತೆಲ್ಲ ಗಾಜು ತಿಳಿಯಾಗುವ ಬದಲು ಹಾಲು ಬಳಿದಂತಾಗತೊಡಗಿತು. ಎದುರಿನಿಂದ ಬರುವ ಲಾರಿಯ ಎರಡು ದೀಪಗಳು ನೂರು ಚೂರಾಗಿ ಗಾಜಿನ ಉದ್ದಗಲಕ್ಕೂ ಹರಡಿ, ರಸ್ತೆಯ ಅಂಚು ಎಲ್ಲಿ, ಚರಂಡಿ ಎಲ್ಲಿ ಎಂಬುದೇ ತಿಳಿಯದಾಯಿತು. ಹಿಂದಿನ ಸೀಟಿನಿಂದ ತಾಯಿ, "ಎಲ್ಲಾರೂ ನಿಲ್ಸ್ ಮಗಾ" ಎಂದರು. ತೆವಳುತ್ತ ಯಲ್ಲಾಪುರ ಮುಟ್ಟಿ, ಪಂಕ್ಚರ್ ಅಂಗಡಿಯೊಂದರ ಮುಂದೆ ನಿಲ್ಲಿಸಿದಾಗ, ಅಲ್ಲಿದ್ದ ಹುಡುಗನು ಬ್ಲೇಡನ್ನು ಎತ್ತಿ ಬೆರಳಾಡಿಸಿ, ರಬ್ಬರು ಅಂಚಿನುದ್ದಕ್ಕೂ ಸೀಳಿರುವುದನ್ನು ತೋರಿಸಿದನು. ಒಳಗಿನಿಂದ ಹೊಸ ಜೊತೆಯೊಂದನ್ನು ತಂದು ಐದು ನಿಮಿಷದೊಳಗೆ ಕೂಡಿಸಿಯೂ ಕೊಟ್ಟನು. ಮುಂದೆ ಅರೆಬೈಲು ಘಟ್ಟವನ್ನು ಇನ್ನೂ ಇಳಿಯಬೇಕಾಗಿತ್ತು.

ಈ ಪ್ರಸಂಗದಲ್ಲಿ ಆ ಗೃಹಸ್ಥರು ಬೆಲೆಯ ವಿಷಯದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಮುಂದೂಡಿದ್ದರಲ್ಲಿ. ದುಬಾರಿ ಎಂದು ತೋರಿದ್ದನ್ನು ಮನುಷ್ಯನು ಮುಂದೂಡುತ್ತಾನೆ. ಮತ್ತೊಬ್ಬರ ಕೈಯಿಂದಲೇ ಆಗಬೇಕಾದುದನ್ನು ಇನ್ನೂ ಮುಂದೂಡುತ್ತಾನೆ. ವೈಪರ್ ಬ್ಲೇಡನ್ನು ಬದಲಾಯಿಸಲು ಕಾರಿನ ಒಡೆಯನೇ ಕಲಿತಿರಬೇಕು ಎನ್ನುವುದಕ್ಕೆ, ಉಳಿಯಬಹುದಾದ ನಾಲ್ಕುನೂರು ಐನೂರು ರೂಪಾಯಿಗಳಿಗಿಂತ ಇದೇ ದೊಡ್ಡ ಕಾರಣ.

ವೈಪರಿನ ಇತಿಹಾಸ ಒಂದು ಶತಮಾನಕ್ಕೂ ಹಿಂದಿನದು. ಅಮೆರಿಕದ ಅಲಬಾಮಾ ಸಂಸ್ಥಾನದ ಮೇರಿ ಆಂಡರ್‌ಸನ್ ಎಂಬ ಮಹಿಳೆ ನ್ಯೂಯಾರ್ಕಿನಲ್ಲಿ ಟ್ರಾಮಿನಲ್ಲಿ ಹೋಗುತ್ತಿದ್ದಾಗ, ಹಿಮ ಕವಿದ ಗಾಜಿನಿಂದ ಚಾಲಕನು ಪಡುತ್ತಿದ್ದ ಪಾಡನ್ನು ಕಂಡರು. ಒಳಗೆ ಕುಳಿತೇ ಹಿಡಿಕೆಯಿಂದ ಆಡಿಸಬಹುದಾದ ಸಾಧನವೊಂದನ್ನು ಕಲ್ಪಿಸಿ ೧೯೦೩ರಲ್ಲಿ ಪೇಟೆಂಟ್ ಪಡೆದರು. ಪಾಪ, ಆಕೆಗೆ ಅದರಿಂದ ಹಣವೇನೂ ಹುಟ್ಟಲಿಲ್ಲ. ಹಿಡಿಕೆ ಹೋಗಿ ವಿದ್ಯುತ್ ಮೋಟಾರು ಬಂದರೂ ಗಾಜಿಗೆ ತಗಲುವ ಭಾಗ ಇಂದಿಗೂ ರಬ್ಬರಿನ ಒಂದು ತೆಳು ಅಂಚೇ.

ಆ ಅಂಚಿನ ಕೆಲಸ ನೋಡುವುದಕ್ಕೆ ಸುಲಭ, ಮಾಡುವುದಕ್ಕೆ ಸೂಕ್ಷ್ಮ. ಬ್ಲೇಡು ಒಂದು ಕಡೆಗೆ ಸರಿಯುವಾಗ ರಬ್ಬರಿನ ಅಂಚು ಹಿಂದಕ್ಕೆ ಬಾಗಿ ನೀರನ್ನು ಬಳಿದುಕೊಂಡು ಹೋಗಬೇಕು. ತಿರುಗಿ ಬರುವಾಗ ಅದೇ ಅಂಚು ಮಗುಚಿ ಇನ್ನೊಂದು ಕಡೆಗೆ ಬಾಗಬೇಕು. ನಿಮಿಷಕ್ಕೆ ೪೦ ಸಲ ಹೋಗಿಬರುತ್ತದೆಂದು ಲೆಕ್ಕ ಹಿಡಿದರೂ, ಒಂದು ಗಂಟೆಯ ಮಳೆಗೆ ೨,೪೦೦ ಸಲ ಆಯಿತು. ಮಗುಚಿಕೊಳ್ಳುವ ಈ ಗುಣ ರಬ್ಬರು ಮೆದುವಾಗಿರುವ ತನಕ ಮಾತ್ರ. ಬಿಸಿಲಿನ ನೇರಳಾತೀತ ಕಿರಣಗಳು, ಗಾಳಿಯಲ್ಲಿರುವ ಓಜೋನ್, ಏಪ್ರಿಲ್ ಮೇ ತಿಂಗಳ ಕಾವು, ಇವು ಸೇರಿ ರಬ್ಬರನ್ನು ಗಡುಸಾಗಿಸುತ್ತವೆ. ಅಷ್ಟೇ ಅಲ್ಲ, ತಿಂಗಳುಗಟ್ಟಲೆ ಒಂದೇ ಭಂಗಿಯಲ್ಲಿ ಗಾಜಿಗೆ ಒತ್ತಿಕೊಂಡಿದ್ದರೆ ಅಂಚು ಒಂದೇ ಕಡೆಗೆ ಬಾಗಿ ಹಾಗೆಯೇ ಕೂತುಬಿಡುತ್ತದೆ. ಆದುದರಿಂದ ಓಡದೆ ನಿಂತ ಕಾರಿನ ವೈಪರು ಸವೆಯುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಹಬ್ಬಕ್ಕೋ ಮದುವೆಗೋ ಊರಿಗೆ ಹೋಗಲೆಂದೇ ಕಾರು ಇಟ್ಟುಕೊಂಡಿರುವ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಆರೋಗ್ಯದ ದೃಷ್ಟಿಯಿಂದಲೂ ಇಲ್ಲೊಂದು ಮಾತು ಅವಶ್ಯ. ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರವು ಕ್ರಮೇಣ ತನ್ನ ಸ್ವಚ್ಛತೆಯನ್ನು ಕಳೆದುಕೊಳ್ಳುತ್ತ ಹೋಗುತ್ತದೆ. ಒಳಬರುವ ಬೆಳಕನ್ನು ಅದು ಚದುರಿಸತೊಡಗುತ್ತದೆ. ಪ್ರಖರ ದೀಪವೊಂದು ಕಣ್ಣಿಗೆ ಹೊಡೆದ ನಂತರ ದೃಷ್ಟಿ ಚೇತರಿಸಿಕೊಳ್ಳಲು ಯೌವನದಲ್ಲಿ ಹಿಡಿಯುತ್ತಿದ್ದುದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಪೊರೆಯ ಆರಂಭವಿದ್ದವರಿಗಂತೂ ಹೇಳುವುದೇ ಬೇಡ. ಇಂತಹ ಕಣ್ಣಿನ ಮುಂದೆ, ಗೆರೆಗೆರೆಯಾಗಿ ನೀರು ಉಳಿದ ಗಾಜೂ ಇದ್ದರೆ, ಬೆಳಕು ಎರಡು ಸಲ ಚದುರಿದಂತಾಯಿತು. ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು ೧೭ ಮೀಟರ್ ಕ್ರಮಿಸುತ್ತದೆ. ಎರಡು ಸೆಕೆಂಡು ಏನೂ ಕಾಣಲಿಲ್ಲವೆಂದರೆ ಕುರುಡಾಗಿ ೩೩ ಮೀಟರ್ ಹೋದಂತೆಯೇ ಸರಿ. ಕೆಲವರು ಇದನ್ನು ಕಣ್ಣಿನ ದೋಷವೆಂದು ತಿಳಿದು ಕನ್ನಡಕ ಬದಲಾಯಿಸಿಕೊಳ್ಳುವುದೂ ಉಂಟು. ಕಣ್ಣಿನ ಪರೀಕ್ಷೆ ಒಳ್ಳೆಯದೇ. ಆದರೆ ಅದರೊಂದಿಗೆ ರಬ್ಬರಿನ ಪರೀಕ್ಷೆಯೂ ಆಗಲಿ.

ಇನ್ನು ಬೆಲೆಯ ಪ್ರಶ್ನೆ. ಸೇವಾಕೇಂದ್ರದವರು ಹೆಚ್ಚು ಕೇಳುತ್ತಾರೆಂದು ಅವರನ್ನು ಸುಲಿಗೆಗಾರರೆನ್ನುವುದು ಸರಿಯಲ್ಲ. ನಗರದ ಬಾಡಿಗೆ, ಕೆಲಸಗಾರರ ಸಂಬಳ, ತಂಪು ಕೋಣೆ, ಕಾಯುವವರಿಗೆ ಕಾಫಿ, ಇವೆಲ್ಲವೂ ಯಾವುದೋ ಒಂದು ಬಿಲ್ಲಿನ ಯಾವುದೋ ಒಂದು ಸಾಲಿನಲ್ಲಿ ಸೇರಲೇಬೇಕು. ಎಂಜಿನ್ನು, ಬ್ರೇಕು ಮೊದಲಾದ ಪರಿಣತಿ ಬೇಕಾದ ಕೆಲಸದಲ್ಲಿ ಗ್ರಾಹಕನು ಈ ವೆಚ್ಚವನ್ನು ಹೊರುವುದು ನ್ಯಾಯವೇ. ಪರಿಣತಿಯೇ ಬೇಡದ ಕೆಲಸಕ್ಕೂ ಅದೇ ವೆಚ್ಚವನ್ನು ಹೊರಬೇಕೇ ಎಂಬುದಷ್ಟೇ ಪ್ರಶ್ನೆ. ಲೆಕ್ಕಕ್ಕೆಂದು ಹೀಗೆ ಭಾವಿಸೋಣ: ಸೇವಾಕೇಂದ್ರದಲ್ಲಿ ಜೊತೆಯ ಬೆಲೆ ೧,೧೦೦ ರೂಪಾಯಿ, ಕೂಲಿ ೨೦೦ ರೂಪಾಯಿ, ಹೊರಗಿನ ಅಂಗಡಿಯಲ್ಲಿ ಒಳ್ಳೆಯ ತಯಾರಕರ ಜೊತೆ ೬೫೦ ರೂಪಾಯಿ. ವ್ಯತ್ಯಾಸ ೬೫೦ ರೂಪಾಯಿ. ಅಂದರೆ ಅದೇ ಹಣದಲ್ಲಿ ಮುಂದಿನ ವರ್ಷದ ಜೊತೆಯೂ ಬಂದೀತು. ವರ್ಷಕ್ಕೊಮ್ಮೆ, ಮೇ ತಿಂಗಳ ಕೊನೆಯಲ್ಲಿ, ಹಿಂದುಮುಂದು ನೋಡದೆ ಬದಲಾಯಿಸುವ ಧೈರ್ಯ ಈ ಲೆಕ್ಕದಿಂದ ಬರುತ್ತದೆ.

ಬಿಲ್ಲನ್ನು ಓದುವ ಕ್ರಮವೊಂದಿದೆ. ಪೊಟ್ಟಣದ ಮೇಲೆ ಅಚ್ಚಾಗಿರುವ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ಸರ್ವಿಸ್ ಬಿಲ್ಲಿನಲ್ಲಾದರೋ ಬಿಡಿಭಾಗದ ಬೆಲೆಯನ್ನು ತೆರಿಗೆಯಿಲ್ಲದೆ ತೋರಿಸಿ, ಜಿ.ಎಸ್.ಟಿ.ಯನ್ನು ಪಕ್ಕದಲ್ಲಿಯೋ ಕೆಳಗೋ ಕೂಡಿಸುವುದು ವಾಡಿಕೆ. ಆದುದರಿಂದ ತೆರಿಗೆ ಕೂಡಿದ ಮೊತ್ತವನ್ನೇ ಪೊಟ್ಟಣದ ಬೆಲೆಯೊಡನೆ ಹೋಲಿಸಬೇಕು; ಅದು ಪೊಟ್ಟಣದ ಬೆಲೆಯನ್ನು ಮೀರಕೂಡದು. ಹಳೆಯ ಪೊಟ್ಟಣವನ್ನು ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ. ಮೋಟಾರು ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ೨೦೨೫ರ ಸೆಪ್ಟೆಂಬರ್ ೨೨ರಿಂದ ಏಕರೂಪವಾಗಿ ಶೇಕಡಾ ೧೮ ಆಗಿದೆ. 

ಹೊರಗಿನ ವಸ್ತು ಹಾಕಿದರೆ ವಾರಂಟಿ ಹೋಗುತ್ತದೆ ಎಂಬ ಹೆದರಿಕೆ ಬಹಳ ಜನರಲ್ಲಿದೆ. ಭಾರತೀಯ ಸ್ಪರ್ಧಾ ಆಯೋಗವು ೨೦೧೪ರ ಆಗಸ್ಟ್‌ನಲ್ಲಿ ೧೪ ಕಾರು ತಯಾರಕರ ಮೇಲೆ ಒಟ್ಟು ೨,೫೪೪ ಕೋಟಿ ರೂಪಾಯಿಗಳಿಗೂ ಮಿಕ್ಕಿದ ದಂಡ ವಿಧಿಸಿದ್ದು, ಬಿಡಿಭಾಗಗಳು ಮುಕ್ತ ಮಾರುಕಟ್ಟೆಯಲ್ಲಿ ಸಿಗದಂತೆ ತಡೆದರೆಂಬ ಕಾರಣಕ್ಕಾಗಿಯೇ. ಹೊರಗಿನ ಕುಶಲಕರ್ಮಿಯ ಬಳಿಗೆ ಹೋದ ಮಾತ್ರಕ್ಕೆ ವಾರಂಟಿ ರದ್ದೆಂದು ಸಾರಾಸಗಟಾಗಿ ಷರತ್ತು ಹಾಕಬಾರದೆಂದೂ ಆ ಆಜ್ಞೆಯಲ್ಲಿ ಹೇಳಿತ್ತು. ತಯಾರಕರು ಮೇಲ್ಮನವಿ ಸಲ್ಲಿಸಿದರು, ವ್ಯಾಜ್ಯ ವರ್ಷಗಟ್ಟಲೆ ನಡೆಯಿತು, ಅದು ಹಾಗಿರಲಿ. ಎಂಜಿನ್ನಿನ ವಾರಂಟಿಗೂ ವೈಪರಿನ ರಬ್ಬರಿಗೂ ಏನೂ ಸಂಬಂಧವಿಲ್ಲವೆಂಬುದು ಸಾಮಾನ್ಯ ಬುದ್ಧಿಗೂ ತಿಳಿಯುತ್ತದೆ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಬೇಕು. ಒದ್ದೆ ಬಟ್ಟೆಯಿಂದ ರಬ್ಬರಿನ ಅಂಚನ್ನು ನಾಲ್ಕಾರು ಸಲ ಒರೆಸಿ, ಗಾಜನ್ನೂ ಸಾಬೂನು ನೀರಿನಿಂದ ತೊಳೆದು, ವೈಪರ್ ಆಡಿಸಿ ನೋಡಬೇಕು. ಅನೇಕ ವೇಳೆ ಗೆರೆಗಳಿಗೆ ಕಾರಣ ಧೂಳೇ ಹೊರತು ರಬ್ಬರಲ್ಲ. ಹಾಗಿದ್ದಲ್ಲಿ ಖರ್ಚೇ ಇಲ್ಲ. ಒರೆಸಿದ ಮೇಲೂ ಗೆರೆ ಉಳಿದರೆ, ಕಿರಗುಟ್ಟುತ್ತ ಕುಪ್ಪಳಿಸಿದರೆ, ರಬ್ಬರಿನಲ್ಲಿ ಸೀಳು ಕಂಡರೆ ಬದಲಾಯಿಸಬೇಕು.

ದೆಹಲಿಯ ಕಾಶ್ಮೀರಿ ಗೇಟ್, ಚೆನ್ನೈಯ ಜನರಲ್ ಪ್ಯಾಟರ್ಸ್ ರಸ್ತೆ, ಬೆಂಗಳೂರಿನ ಜೆ.ಸಿ. ರಸ್ತೆಗಳಂತಹ ಬಿಡಿಭಾಗಗಳ ಪೇಟೆಗಳು ದೊಡ್ಡ ನಗರಗಳಲ್ಲೆಲ್ಲ ಇವೆ. ಅಷ್ಟು ದೂರ ಹೋಗಲಾರದವರಿಗೆ ಬಡಾವಣೆಯ ಅಂಗಡಿಯಲ್ಲಿಯೂ ದೊರೆಯುತ್ತದೆ. ಕಾರಿನ ಹೆಸರು, ಮಾದರಿ, ವರ್ಷ ಹೇಳುವುದರೊಂದಿಗೆ ಎರಡು ಬ್ಲೇಡುಗಳನ್ನೂ ಟೇಪಿನಿಂದ ಅಳೆದುಕೊಂಡು ಹೋಗುವುದು ಲೇಸು. ಬಹುತೇಕ ಕಾರುಗಳಲ್ಲಿ ಚಾಲಕನ ಬದಿಯದು ಉದ್ದ, ಇನ್ನೊಂದು ಗಿಡ್ಡ, ಅಳತೆ ಇಂಚುಗಳಲ್ಲಿರುತ್ತದೆ. ಉದ್ದದಲ್ಲಿ ತಪ್ಪಿದರೆ ಎರಡೂ ಒಂದಕ್ಕೊಂದು ತಾಗುತ್ತವೆ. ತೋಳಿನ ತುದಿ ಕೊಕ್ಕೆಯಾಕಾರದ್ದೋ ಬೇರೆಯೋ ಎಂಬುದನ್ನೂ ನೋಡಿಕೊಳ್ಳಬೇಕು. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ಒಯ್ದರೆ ಸಾಕು. ನಕಲಿ ಮಾಲು ಈ ಪೇಟೆಗಳ ಹಳೆಯ ರೋಗ. ಬಿಲ್ಲು ಕೊಡದ ಅಂಗಡಿಯನ್ನು ಬಿಡುವುದೇ ಉತ್ತಮ.

ಕೂಡಿಸುವ ಕೆಲಸಕ್ಕೆ ಉಪಕರಣಗಳೇನೂ ಬೇಡ, ಒಂದು ದಪ್ಪ ಟವೆಲು ಬೇಕು. ಈ ಟವೆಲನ್ನು ಯಾರೂ ಅಲಕ್ಷಿಸಬಾರದು. ವೈಪರ್ ತೋಳಿನಲ್ಲಿ ಬಲವಾದ ಸ್ಪ್ರಿಂಗ್ ಇದೆ. ಬ್ಲೇಡಿಲ್ಲದ ಬರಿಯ ತೋಳು ಕೈಜಾರಿ ಗಾಜಿಗೆ ಬಡಿದರೆ ಗಾಜು ಸೀಳುತ್ತದೆ, ಆಗ ಉಳಿಸಿದ ನೂರುಗಳಿಗೆ ಪ್ರತಿಯಾಗಿ ಸಾವಿರಗಳು ಹೋಗುತ್ತವೆ. ಆದುದರಿಂದ ಮೊದಲು ಟವೆಲನ್ನು ಮಡಿಸಿ ಗಾಜಿನ ಮೇಲೆ ಹಾಸಿ, ಬಳಿಕ ಇಗ್ನಿಷನ್ ಆರಿಸಿ, ತೋಳನ್ನು ಎತ್ತಿ ನಿಲ್ಲಿಸಬೇಕು. (ಕೆಲವು ಹೊಸ ಕಾರುಗಳಲ್ಲಿ ತೋಳು ಬಾನೆಟ್ಟಿನ ಅಂಚಿನ ಕೆಳಗೆ ಅಡಗಿರುತ್ತದೆ, ಅದನ್ನು ಮೇಲಕ್ಕೆ ತರುವ ಕ್ರಮ ಕಾರಿನ ಕೈಪಿಡಿಯಲ್ಲಿದೆ. ಬಲವಂತ ಮಾಡಬಾರದು.) ಕೊಕ್ಕೆಯ ಮಾದರಿಯಲ್ಲಿ ಬ್ಲೇಡಿನ ನಡುವೆ ಒಂದು ಸಣ್ಣ ಪ್ಲಾಸ್ಟಿಕ್ ನಾಲಗೆ ಇದೆ. ಅದನ್ನು ಒತ್ತಿ ಹಿಡಿದು ಬ್ಲೇಡನ್ನು ಗಾಜಿನ ಬುಡದತ್ತ ಎಳೆದರೆ ಕೊಕ್ಕೆಯಿಂದ ಕಳಚಿ ಬರುತ್ತದೆ. ಹೊಸದನ್ನು ಅದೇ ದಾರಿಯಲ್ಲಿ ಸೇರಿಸಿ 'ಟಕ್' ಎಂಬ ಸದ್ದಾಗುವ ತನಕ ಮೇಲಕ್ಕೆಳೆಯಬೇಕು. ಸದ್ದಾಗದಿದ್ದರೆ ಮೊದಲ ಜೋರು ಮಳೆಯಲ್ಲಿ ಅದು ಹಾರಿಹೋಗಬಹುದು. ರಬ್ಬರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆದು, ತೋಳನ್ನು ಕೈಯಿಂದ ಮೆಲ್ಲಗೆ ಇಳಿಸಿ, ಗಾಜನ್ನು ತೋಯಿಸಿ ಆಡಿಸಿ ನೋಡಬೇಕು. ಹೊದಿಕೆಯನ್ನು ತೆಗೆಯಲು ಮರೆತು, ಹೊಸ ಬ್ಲೇಡೇ ಕೆಟ್ಟದೆಂದು ಅಂಗಡಿಯವನೊಡನೆ ಜಗಳಕ್ಕೆ ಹೋದವರಿದ್ದಾರೆ. ಮೊದಲ ಸಲ ಕಾಲು ಗಂಟೆ ಹಿಡಿದೀತು, ಎರಡನೆಯ ವರ್ಷ ಐದು ನಿಮಿಷ.

ಹೊಸ ಬ್ಲೇಡು ಹಾಕಿದ ಮೇಲೂ ಗಾಜಿನ ಒಂದು ಭಾಗ ಒರೆಸದೆಯೇ ಉಳಿದರೆ ತೋಳು ಬಾಗಿರಬಹುದು, ಇಲ್ಲವೇ ಸ್ಪ್ರಿಂಗ್ ಸೋತಿರಬಹುದು. ವೈಪರ್ ನಡುದಾರಿಯಲ್ಲಿ ನಿಂತುಹೋಗುವುದು, ಒಂದು ತೋಳು ಮಾತ್ರ ಆಡುವುದು ಮೋಟಾರಿನ ಅಥವಾ ಅದರ ಸಲಾಕೆಗಳ ದೋಷ. ಅಲ್ಲಿ ಸೇವಾಕೇಂದ್ರವೇ ಗತಿ, ಅಲ್ಲಿ ಕೊಟ್ಟ ಕೂಲಿ ನಷ್ಟವಲ್ಲ. ಬಗ್ಗಲಾರದವರು, ಕೈ ನಡುಗುವವರು ಕೂಡ ಹಠ ಹಿಡಿಯಬೇಕಾಗಿಲ್ಲ. ನೆರೆಮನೆಯ ಹುಡುಗನಿಂದಲೋ, ಬ್ಲೇಡು ಕೊಂಡ ಅಂಗಡಿಯವನಿಂದಲೋ ಮಾಡಿಸಿಕೊಳ್ಳಬಹುದು. ಅಂಗಡಿಯವರು ಬಹುಮಟ್ಟಿಗೆ ಅದಕ್ಕೆ ಪ್ರತ್ಯೇಕ ಹಣ ಕೇಳುವುದಿಲ್ಲ.

ಕಳಚಿದ ಹಳೆಯ ಜೊತೆಯಲ್ಲಿ ಚಾಲಕನ ಬದಿಯ ಬ್ಲೇಡು ಪೂರಾ ಕೆಟ್ಟಿರದಿದ್ದರೆ ಅದನ್ನು ಎಸೆಯದೆ ಕಾಗದದಲ್ಲಿ ಸುತ್ತಿ ಡಿಕ್ಕಿಯಲ್ಲಿ, ಜಾಕಿಯ ಪಕ್ಕದಲ್ಲಿ ಇಟ್ಟಿರಬೇಕು. ಮುಲುಂಡದ ಆ ಗೃಹಸ್ಥರ ಕಾರಿನಲ್ಲಿ ಈಗ ಅಂಥದೊಂದು ಬ್ಲೇಡು ಇದೆ. ಜೊತೆಗೆ ಒಂದು ಟವೆಲೂ ಇದೆ.